ಕೊಂಕಣ ರೈಲು ಎಂಬ ರಾತ್ರಿಶಾಲೆ

ಕಳೆದ ಚೌತಿಗೆ ಊರಿಗೆ ಹೊರಟವನು ಠಾಣೆ ಸ್ಟೇಷನ್ನಿನಲ್ಲಿ ಮತ್ಸ್ಯಗಂಧಕ್ಕೆ ಕಾಯುತ್ತ ನಿಂತಿದ್ದೆ. ಜೊತೆಗೆ ನಮ್ಮ ಟೀಮಿನ ಹುಡುಗನೊಬ್ಬನಿದ್ದ, ಭಟ್ಕಳ ಕಡೆಯವನು. ಐರೋಲಿಯ ಆಫೀಸಿನಲ್ಲಿ ಅವನಿಗೆ ನಾನು ‘ಸರ್’, ಪ್ಲಾಟ್‌ಫಾರ್ಮಿಗೆ ಬಂದ ಕೂಡಲೇ ‘ಅಣ್ಣ’. ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿದೆ. ಆ ತಿಂಗಳು ನಮ್ಮ ಮಹಡಿಯಲ್ಲಿ ಎರಡು ಸಾಲು ಕುರ್ಚಿಗಳು ಖಾಲಿಯಾಗಿದ್ದವು.

“ಅಣ್ಣ, ಒಂದು ಲೀಡರ್‌ಶಿಪ್ ಕೋರ್ಸ್ ಇದೆ. ಆನ್‌ಲೈನು. ಎರಡು ಲಕ್ಷ ಹೇಳ್ತಾರೆ. ಸಾಲ ಮಾಡಿ ಸೇರ್ಲಾ?”

“ಈಗ ಯಾಕೆ?”

“ಕೋಡ್ ಬರೆಯೋದನ್ನ ಇನ್ನು ಮಷೀನೇ ಮಾಡ್ತದಂತೆ. ಜನರನ್ನ ನಡೆಸೋದು ಕಲಿತವರಿಗೆ ಮಾತ್ರ ಉಳಿಗಾಲ ಅಂತಾರೆ. ನಂಗೆ ಅದು ಬರೋದಿಲ್ಲ. ಎಲ್ಲಿ ಕಲೀಬೇಕು ಅಂತನೂ ಗೊತ್ತಿಲ್ಲ.”

ಎಂಟೆಕ್ ಮುಗಿಸಿ ಇಪ್ಪತ್ತು ವರ್ಷ ಇದೇ ಕಸುಬಿನಲ್ಲಿದ್ದೇನೆ. ಆದರೂ ಅವನಿಗೆ ತಕ್ಷಣ ಕೊಡುವಂಥ ಉತ್ತರ ನನ್ನಲ್ಲಿರಲಿಲ್ಲ. ಅಷ್ಟರಲ್ಲಿ ಗಾಡಿ ಬಂತು. ಅವನು ಅವನ ಬೋಗಿಗೆ, ನಾನು ನನ್ನದಕ್ಕೆ ಹತ್ತಿದೆವು. ಪನ್ವೇಲ್ ದಾಟಿ ರೋಹಾ ಬಂದಾಗ ಕತ್ತಲಾಗುತ್ತಿತ್ತು. ಅಲ್ಲಿಂದ ಮಂಗಳೂರಿನ ಹತ್ತಿರದ ತೋಕೂರಿನವರೆಗೆ ಸುಮಾರು 740 ಕಿ.ಮೀ. ಕೊಂಕಣ ರೈಲಿನ ಹಾದಿ. ನಾವು ಕರಾವಳಿಯವರು ವರ್ಷಕ್ಕೆ ಎರಡು ಮೂರು ಸಲ ಅದರ ಮೇಲೆ ಮಲಗಿಕೊಂಡೇ ಹೋಗುತ್ತೇವೆ. ಹುಡುಗನ ಪ್ರಶ್ನೆಗೆ ಉತ್ತರ ಆ ಹಳಿಯ ಕೆಳಗೇ ಇದೆ ಎಂದು ಆ ರಾತ್ರಿ ನನಗೆ ಅನ್ನಿಸಿತು. ಊರಿನಿಂದ ಬಂದಮೇಲೆ ಅದನ್ನು ಅವನಿಗೆ ಹೇಳಿದೆ. ಹೇಳಿದ್ದನ್ನೇ ಸ್ವಲ್ಪ ಒಪ್ಪ ಮಾಡಿ ಇಲ್ಲಿ ಬರೆದಿದ್ದೇನೆ.

*

ಮುಂಬಯಿ ಕನ್ನಡಿಗರಿಗೆ ಕೆಲಸ ಮಾಡುತ್ತ ಕಲಿಯುವುದು ಹೊಸ ಸಂಗತಿಯಲ್ಲ. ನನ್ನ ದೊಡ್ಡಪ್ಪ ಹದಿಮೂರನೇ ವಯಸ್ಸಿಗೆ ಫೋರ್ಟಿನ ಒಂದು ಹೋಟೆಲಿಗೆ ಬಂದವರು. ಹಗಲು ಕಪ್ಪು ಬಸಿ ತೊಳೆಯುವುದು, ಸಂಜೆ ಕನ್ನಡ ರಾತ್ರಿಶಾಲೆ, ರಾತ್ರಿ ಹೋಟೆಲಿನ ಬೆಂಚುಗಳನ್ನು ಜೋಡಿಸಿ ಅದರ ಮೇಲೆ ನಿದ್ದೆ. ಕ್ಲೀನರ್ ಆದವನು ಸಪ್ಲಾಯರ್ ಆಗಿ, ಸಪ್ಲಾಯರ್ ಆದವನು ಗಲ್ಲೆಯ ಮೇಲೆ ಕೂತು, ಗಲ್ಲೆಯ ಮೇಲೆ ಕೂತವನು ಒಂದು ದಿನ ಡೊಂಬಿವಲಿಯಲ್ಲೋ ಕಲ್ಯಾಣದಲ್ಲೋ ತನ್ನದೇ ಸಣ್ಣ ಹೋಟೆಲು ಇಟ್ಟ ಕಥೆ ನಮ್ಮ ಪ್ರತಿ ಮನೆಯಲ್ಲೂ ಒಂದಾದರೂ ಇದೆ. ಗಲ್ಲೆಗೆ ಕೂರಿಸುವ ಮುಂಚೆ ಧಣಿ ಯಾವ ಪರೀಕ್ಷೆಯನ್ನೂ ಇಡುತ್ತಿರಲಿಲ್ಲ. ಮಧ್ಯಾಹ್ನದ ಗದ್ದಲದಲ್ಲಿ ಅರ್ಧ ಗಂಟೆ “ನೋಡಿಕೋ” ಎಂದು ಹೇಳಿ ಎದ್ದುಹೋಗುತ್ತಿದ್ದರಂತೆ. ಬಂದಮೇಲೆ ಲೆಕ್ಕ ಕೇಳುತ್ತಿದ್ದರಂತೆ. ದೊಡ್ಡಪ್ಪ ಅದನ್ನೇ ತನ್ನ ಕಾಲೇಜು ಅನ್ನುತ್ತಿದ್ದರು.

ಇದೇ ಊರಿನಲ್ಲಿ, ದೊಡ್ಡಪ್ಪನಿಗಿಂತ ಒಂದು ತಲೆಮಾರು ಮೊದಲು, ಬಂದರಿನ ಆಸುಪಾಸಿನಲ್ಲಿ ಇಬ್ಬರು ಹುಡುಗರು ಕೆಲಸ ಕಲಿತರು.

ಒಬ್ಬರು ಜಾರ್ಜ್ ಫರ್ನಾಂಡಿಸ್. 1930ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, ಪಾದ್ರಿಯಾಗಲೆಂದು ಬೆಂಗಳೂರಿನ ಸೆಮಿನರಿಗೆ ಸೇರಿ, ಅಲ್ಲಿನ ರೀತಿ ಹಿಡಿಸದೆ ಹೊರಬಂದವರು. ಮಂಗಳೂರಿನಲ್ಲಿ ಹೋಟೆಲು ಮತ್ತು ಸಾರಿಗೆ ಕಾರ್ಮಿಕರನ್ನು ಸಂಘಟಿಸುತ್ತಿದ್ದವರು 1949ರಲ್ಲಿ ಮುಂಬಯಿಗೆ ಬಂದರು. ಕೆಲಸ ಸಿಗುವ ತನಕ ಮಲಗಿದ್ದು ಚೌಪಾಟಿಯಲ್ಲಿ. ಆಮೇಲೆ ಪತ್ರಿಕೆಯೊಂದರಲ್ಲಿ ಪ್ರೂಫ್ ತಿದ್ದುವ ಕೆಲಸ ಸಿಕ್ಕಿತು. ಆದರೆ ಅವರನ್ನು ಬೆಳೆಸಿದ್ದು ಬಂದರು ಕಾರ್ಮಿಕರ ನಾಯಕ ಪ್ಲಾಸಿಡ್ ಡಿಮೆಲ್ಲೊ. ಅವರೂ ನಮ್ಮ ಕರಾವಳಿಯವರೇ. ಸಿಎಸ್‌ಎಂಟಿಯ ಪೂರ್ವಕ್ಕೆ, ಗೋದಿಗಳ ಪಕ್ಕದಲ್ಲಿ ಹಾದುಹೋಗುವ ಪಿ. ಡಿಮೆಲ್ಲೊ ರಸ್ತೆ ಅವರ ಹೆಸರಿನದ್ದೇ. ಊರಿಗೆ ಹೋಗುವ ಬಸ್ಸಿಗೆ ಅಲ್ಲಿ ಕಾದವರೆಷ್ಟೋ ಜನ ಆ ಹೆಸರು ಯಾರದೆಂದು ಕೇಳಿರಲಿಕ್ಕಿಲ್ಲ.

ಯೂನಿಯನ್ ಕೆಲಸವೆಂದರೆ ಭಾಷಣ ಎಂದು ನಾವು ತಿಳಿಯುತ್ತೇವೆ. ಅದರ ನಿಜವಾದ ಕೆಲಸ ಬೇರೆ. ಬೆಳಗಿನ ಪಾಳಿಯ ಮೊದಲು ಗೇಟಿನ ಹತ್ತಿರ ನಿಲ್ಲಬೇಕು, ಒಬ್ಬೊಬ್ಬನ ತಕರಾರನ್ನೂ ಬರೆದುಕೊಳ್ಳಬೇಕು, ಮಾಲೀಕರ ಎದುರು ಕೂತು ಕಾಗದ ತೋರಿಸಿ ವಾದಿಸಬೇಕು, ಸೋತು ಬಂದರೆ ಸೋತೆವೆಂದು ಅದೇ ಗೇಟಿನಲ್ಲಿ ನಿಂತು ಹೇಳಬೇಕು. 1958ರಲ್ಲಿ ಡಿಮೆಲ್ಲೊ ತೀರಿಕೊಂಡಾಗ ಜಾರ್ಜ್ ಅವರಿಗೆ ಇಪ್ಪತ್ತೆಂಟು ವರ್ಷ. ಗುರುವಿನ ಜಾಗ ಏಕಾಏಕಿ ಖಾಲಿಯಾಗಿತ್ತು. ಆ ಭಾರವನ್ನು ಹೊತ್ತವರಲ್ಲಿ ಅವರು ಮುಖ್ಯರು. ಟ್ಯಾಕ್ಸಿಯವರು, ನಗರಪಾಲಿಕೆಯವರು, ಬೆಸ್ಟ್ ಬಸ್ಸಿನವರು, ಹೀಗೆ ಒಂದೊಂದೇ ಗೇಟಿನಿಂದ ಅವರ ನಾಯಕತ್ವ ಬೆಳೆಯಿತು. 1967ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಎಸ್.ಕೆ. ಪಾಟೀಲರಂಥ ಘಟಾನುಘಟಿಯನ್ನು ಸೋಲಿಸಿ ಲೋಕಸಭೆಗೆ ಹೋದರು.

ಇನ್ನೊಬ್ಬರು ಪಾಲಕ್ಕಾಡ್ ಕಡೆಯ ಎಲಾಟುವಳಪಿಲ್ ಶ್ರೀಧರನ್. 1932ರಲ್ಲಿ ಹುಟ್ಟಿದವರು. ಕಾಕಿನಾಡದಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿ, ಕೋಳಿಕ್ಕೋಡಿನ ಪಾಲಿಟೆಕ್ನಿಕ್‌ನಲ್ಲಿ ಸ್ವಲ್ಪ ದಿನ ಪಾಠ ಹೇಳಿ, ಮುಂಬಯಿಯ ಪೋರ್ಟ್ ಟ್ರಸ್ಟಿನಲ್ಲಿ ಒಂದು ವರ್ಷ ಅಪ್ರೆಂಟಿಸ್ ಆಗಿದ್ದರು. ಆಮೇಲೆ ಪರೀಕ್ಷೆ ಪಾಸು ಮಾಡಿ 1954ರ ಕೊನೆಗೆ ದಕ್ಷಿಣ ರೈಲ್ವೆ ಸೇರಿದರು. ಅದೇ ಬಂದರು, ಹೆಚ್ಚುಕಮ್ಮಿ ಅದೇ ಕಾಲ. ಒಬ್ಬರು ಗೇಟಿನ ಹೊರಗೆ, ಒಬ್ಬರು ಒಳಗೆ. ಆಗ ಪರಸ್ಪರ ಮುಖ ನೋಡುವ ಕಾರಣ ಇಬ್ಬರಿಗೂ ಇರಲಿಲ್ಲ.

*

ಶ್ರೀಧರನ್ ಅವರ ಕಲಿಕೆಯ ದೊಡ್ಡ ಪಾಠ ಬಂದದ್ದು 1964ರ ಡಿಸೆಂಬರಿನಲ್ಲಿ. 22ರ ರಾತ್ರಿ ಎದ್ದ ಚಂಡಮಾರುತ ಧನುಷ್ಕೋಡಿಯನ್ನು ಅಳಿಸಿಹಾಕಿತು. ಪ್ರಯಾಣಿಕರ ರೈಲೊಂದು ಕೊಚ್ಚಿಹೋಯಿತು. ರಾಮೇಶ್ವರಕ್ಕೆ ಹೋಗುವ ಪಾಂಬನ್ ಸೇತುವೆಯ ಹೆಚ್ಚಿನ ಭಾಗ ಸಮುದ್ರದ ಪಾಲಾಯಿತು. ದುರಸ್ತಿಗೆ ರೈಲ್ವೆ ಹಾಕಿಕೊಂಡ ಗಡುವು ಆರು ತಿಂಗಳು. ಮೇಲಿನ ಅಧಿಕಾರಿ ಅದನ್ನು ಮೂರು ತಿಂಗಳಿಗೆ ಇಳಿಸಿದರು. ಕೆಲಸ ಬಂದದ್ದು ಮೂವತ್ತೆರಡರ ಶ್ರೀಧರನ್ ಅವರಿಗೆ. ಹೊಸ ಗರ್ಡರುಗಳು ಬೇರೆಡೆಯಿಂದ ಬರುವ ತನಕ ಕಾದಿದ್ದರೆ ಮೂರು ತಿಂಗಳೂ ಸಾಲುತ್ತಿರಲಿಲ್ಲ. ಸಮುದ್ರದಡಿ ಬಿದ್ದಿದ್ದ ಹಳೆಯ ಗರ್ಡರುಗಳನ್ನೇ ಹುಡುಕಿ ಎತ್ತಿಸಿ ಮತ್ತೆ ಜೋಡಿಸಿದರು. ಸೇತುವೆ 46 ದಿನಗಳಲ್ಲಿ ಎದ್ದು ನಿಂತಿತು.

ಈ ಕಥೆಯನ್ನು ಮ್ಯಾನೇಜ್‌ಮೆಂಟ್ ತರಗತಿಗಳಲ್ಲಿ ಶ್ರೀಧರನ್ ಅವರ ಜಾಣತನದ ಕಥೆಯಾಗಿ ಹೇಳುತ್ತಾರೆ. ನನಗೆ ಅದರಲ್ಲಿ ಇನ್ನೊಬ್ಬರೂ ಕಾಣುತ್ತಾರೆ. ಅಷ್ಟು ದೊಡ್ಡ ಕೆಲಸವನ್ನು ಮೂವತ್ತೆರಡರ ಹುಡುಗನ ಕೈಗೆ ಕೊಟ್ಟ ಮೇಲಧಿಕಾರಿ. ಗಡುವು ಬಿಗಿ ಮಾಡಿದರು, ಹೇಗೆ ಮಾಡಬೇಕೆಂಬುದನ್ನು ಹುಡುಗನಿಗೇ ಬಿಟ್ಟರು. ಹೋಟೆಲಿನ ಧಣಿ ಗಲ್ಲೆ ಬಿಟ್ಟು ಅರ್ಧ ಗಂಟೆ ಎದ್ದುಹೋದ ಹಾಗೆಯೇ.

ಇತ್ತ ಜಾರ್ಜ್ ರೈಲಿನವರ ನಾಯಕರಾದರು. ಅಖಿಲ ಭಾರತ ರೈಲ್ವೆಮೆನ್ಸ್ ಫೆಡರೇಶನ್ನಿನ ಅಧ್ಯಕ್ಷರಾಗಿ 1974ರ ಮೇ 8ರಂದು ಶುರುವಾದ ರೈಲು ಮುಷ್ಕರವನ್ನು ಮುನ್ನಡೆಸಿದರು. ಮುಷ್ಕರ ಶುರುವಾಗುವ ಮೊದಲೇ ಅವರ ಬಂಧನವಾಗಿತ್ತು. ಸಾವಿರಾರು ಜನ ಜೈಲಿಗೆ ಹೋದರು, ಸಾವಿರಾರು ಜನ ಕೆಲಸ ಕಳೆದುಕೊಂಡರು. ಇಪ್ಪತ್ತು ದಿನಗಳಲ್ಲಿ ಮುಷ್ಕರ ಮುರಿಯಿತು. ಕಲ್ಯಾಣದ ರೈಲ್ವೆ ಕಾಲನಿಗಳಲ್ಲಿ ಬೆಳೆದ ಹಳಬರನ್ನು ಕೇಳಿದರೆ ಆ ಮೇ ತಿಂಗಳು ಅವರಿಗೆ ಇನ್ನೂ ನೆನಪಿದೆ. ಸೋಲನ್ನು ಕೂಡ ಕಲಿಕೆ ಎಂದು ಸುಲಭಕ್ಕೆ ಹೇಳಬಾರದು. ಅದರ ಬೆಲೆಯನ್ನು ಬೇರೆಯವರ ಮನೆ ಒಲೆ ತೆತ್ತಿರುತ್ತದೆ. ಆದರೆ ಗ್ಯಾಂಗ್‌ಮನ್‌ನ ಬದುಕನ್ನು ಹಳಿಯ ಪಕ್ಕದಿಂದ ಕಂಡಿದ್ದ ಆ ಮನುಷ್ಯ 1989ರ ಡಿಸೆಂಬರಿನಲ್ಲಿ ರೈಲ್ವೆ ಮಂತ್ರಿಯಾಗಿ ರೈಲು ಭವನದೊಳಗೆ ಬಂದರು.

*

ಕರಾವಳಿಗೆ ರೈಲು ಬೇಕೆಂಬ ಕೂಗು ಹಳೆಯದು. ದಿವಾ, ಪನ್ವೇಲ್ ಮೂಲಕ ರೋಹಾ ತನಕ ಹಳಿ ಬಂದು ನಿಂತಿತ್ತು. ಅಲ್ಲಿಂದ ದಕ್ಷಿಣಕ್ಕೆ ಒಂದೆಡೆ ಸಹ್ಯಾದ್ರಿ, ಒಂದೆಡೆ ಸಮುದ್ರ, ನಡುವೆ ಲೆಕ್ಕವಿಲ್ಲದಷ್ಟು ನದಿಗಳು. ರೈಲ್ವೆಯ ಬಜೆಟ್ಟಿನಲ್ಲಿ ಇದಕ್ಕೆ ವರ್ಷಕ್ಕಿಷ್ಟು ಎಂದು ಚಿಲ್ಲರೆ ಹಾಕುತ್ತ ಹೋಗಿದ್ದರೆ ನಮ್ಮ ಮೊಮ್ಮಕ್ಕಳೂ ಬಸ್ಸಿನಲ್ಲೇ ಓಡಾಡುತ್ತಿದ್ದರು.

ಅದೊಂದು ಅಪರೂಪದ ಕೂಡುವಿಕೆ. ರೈಲ್ವೆ ಮಂತ್ರಿ ಮಂಗಳೂರಿನವರು. ಹಣಕಾಸು ಮಂತ್ರಿ ಮಧು ದಂಡವತೆ ಕೊಂಕಣದ ರಾಜಾಪುರದ ಸಂಸದರು. ಯೋಜನಾ ಆಯೋಗದ ಉಪಾಧ್ಯಕ್ಷರು ನಮ್ಮ ಸಿದ್ದಾಪುರದ ರಾಮಕೃಷ್ಣ ಹೆಗಡೆ. ಪ್ರತ್ಯೇಕ ಕಾರ್ಪೊರೇಷನ್ ಮಾಡಿ, ಮಾರುಕಟ್ಟೆಯಿಂದ ಸಾಲ ಎತ್ತಿ, ದಾರಿ ಕಟ್ಟಿ, ಓಡಿಸಿ, ಸಾಲ ತೀರಿದ ಮೇಲೆ ರೈಲ್ವೆಗೆ ಒಪ್ಪಿಸುವುದು ಎಂದಾಯಿತು. 1990ರ ಜುಲೈಯಲ್ಲಿ ಕೊಂಕಣ ರೈಲ್ವೆ ಕಾರ್ಪೊರೇಷನ್ ಹುಟ್ಟಿತು. ಬಂಡವಾಳದಲ್ಲಿ ರೈಲ್ವೆಯ ಪಾಲು ಶೇ. 51, ಮಹಾರಾಷ್ಟ್ರ 22, ಕರ್ನಾಟಕ 15, ಗೋವಾ ಮತ್ತು ಕೇರಳ ತಲಾ 6. ಸೆಪ್ಟೆಂಬರಿನಲ್ಲಿ ರೋಹಾದಲ್ಲಿ ಅಡಿಗಲ್ಲು ಬಿತ್ತು. ಆ ಜೂನಿನಲ್ಲಷ್ಟೇ ನಿವೃತ್ತರಾಗಿದ್ದ ಐವತ್ತೆಂಟರ ಶ್ರೀಧರನ್ ಅವರನ್ನು ಜಾರ್ಜ್ ಕರೆತಂದರು. ಬಂದರಿನ ಒಳಗೂ ಹೊರಗೂ ಕೆಲಸ ಕಲಿತ ಇಬ್ಬರು ನಾಲ್ಕು ದಶಕಗಳ ನಂತರ ಒಂದೇ ಕೆಲಸಕ್ಕೆ ಸೇರಿದ್ದು ಹೀಗೆ.

ಹೆಚ್ಚು ದಿನವಾಗಲಿಲ್ಲ. ನವೆಂಬರಿನಲ್ಲಿ ವಿ.ಪಿ. ಸಿಂಗ್ ಸರ್ಕಾರ ಬಿತ್ತು, ಜಾರ್ಜ್ ಮಂತ್ರಿಗಿರಿ ಹೋಯಿತು. 1991ರಲ್ಲಿ ದೇಶ ಚಿನ್ನ ಅಡವಿಟ್ಟಿತು. 1992ರ ಷೇರು ಹಗರಣದಲ್ಲಿ ಸಾಲಪತ್ರಗಳ ಮಾರುಕಟ್ಟೆ ನಡುಗಿತು, ಕಾರ್ಪೊರೇಷನ್ನಿನ ಬದುಕು ನಿಂತದ್ದೇ ಅಂಥ ಸಾಲಪತ್ರಗಳ ಮೇಲೆ. ಅದೇ ವರ್ಷದ ಕೊನೆಯಿಂದ ಮುಂಬಯಿ ಹೊತ್ತಿ ಉರಿಯಿತು. ಇಂದು ಕಾರ್ಪೊರೇಷನ್ನಿನ ಮುಖ್ಯ ಕಚೇರಿ ಇರುವ ಬೇಲಾಪುರಕ್ಕೆ 1990ರಲ್ಲಿ ಲೋಕಲ್ ರೈಲು ಕೂಡ ಇರಲಿಲ್ಲ. ವಾಶಿಗೆ ಅದು ಬಂದದ್ದೇ 1992ರಲ್ಲಿ. ನಾವು ಇಂದು ‘ಅನಿಶ್ಚಿತ ಕಾಲ’ ಎಂದು ಸ್ಲೈಡ್‌ಗಳಲ್ಲಿ ಬರೆಯುತ್ತೇವಲ್ಲ, ಅದಕ್ಕಿಂತ ಒಂದು ಚೂರೂ ಕಮ್ಮಿಯದಲ್ಲ ಅದು.

ಇಂಥ ಹೊತ್ತಿನಲ್ಲಿ ಸಂಸ್ಥೆಗಳು ಏನು ಮಾಡುತ್ತವೆಂದು ನಮಗೆಲ್ಲ ಗೊತ್ತು. ಕೆಳಗಿನವರಿಗೆ ಕೊಟ್ಟ ಅಧಿಕಾರವನ್ನೆಲ್ಲ ಮೇಲಿನವರು ವಾಪಸ್ ಎಳೆದುಕೊಳ್ಳುತ್ತಾರೆ. ಎರಡು ಸಾವಿರದ ಬಿಲ್ಲಿಗೂ ಮೂರು ಸಹಿ ಬೇಕಾಗುತ್ತದೆ. ಕೊಂಕಣದಲ್ಲಿ ಆದದ್ದು ಇದರ ಉಲ್ಟಾ. ಇಡೀ ಹಾದಿಯನ್ನು ಮಹಾಡ್, ರತ್ನಾಗಿರಿ ಉತ್ತರ, ರತ್ನಾಗಿರಿ ದಕ್ಷಿಣ, ಕುಡಾಳ, ಪಣಜಿ, ಕಾರವಾರ, ಉಡುಪಿ ಎಂದು ಏಳು ವಿಭಾಗ ಮಾಡಿದರು. ಒಂದೊಂದೂ ಹೆಚ್ಚುಕಮ್ಮಿ ನೂರು ಕಿ.ಮೀ. ಒಂದೊಂದಕ್ಕೂ ಒಬ್ಬ ಮುಖ್ಯ ಎಂಜಿನಿಯರ್, ಅಲ್ಲೇ ಅವನ ಕಚೇರಿ, ಅಲ್ಲೇ ತೀರ್ಮಾನ ಮಾಡುವ ಅಧಿಕಾರ. ಜಮೀನು ಬಿಡಿಸಿಕೊಳ್ಳುವುದು, ಗುತ್ತಿಗೆದಾರನನ್ನು ಎಚ್ಚರಿಸುವುದು, ನದಿಯ ಮಣ್ಣು ನೋಡಿ ಅಡಿಪಾಯ ಬದಲಿಸುವುದು, ಎಲ್ಲವೂ ಆ ನೂರು ಕಿ.ಮೀ.ಯೊಳಗಿನ ಕೆಲಸ. ಸುಮಾರು 42,000 ಜನರ ಜಮೀನು ಬಿಡಿಸಿಕೊಳ್ಳಬೇಕಿತ್ತು. ಇಷ್ಟು ಮನೆಗಳ ಜಗಲಿ ಹತ್ತುವ ಕೆಲಸವನ್ನು ಮುಂಬಯಿಯಲ್ಲಿ ಕೂತ ಒಬ್ಬ ದೊಡ್ಡ ಅಧಿಕಾರಿ ಮಾಡಲಾಗದು.

ಕೆಲಸವನ್ನು ಅಡ್ಡಡ್ಡ ಕತ್ತರಿಸಿ ಒಬ್ಬನಿಗೆ ಬರೀ ಮಣ್ಣು, ಒಬ್ಬನಿಗೆ ಬರೀ ಸಿಮೆಂಟು, ಒಬ್ಬನಿಗೆ ಬರೀ ಹಳಿ ಎಂದು ಹಂಚಿದ್ದರೆ ಒಳ್ಳೆಯ ತಜ್ಞರು ತಯಾರಾಗುತ್ತಿದ್ದರು. ನೂರು ಕಿ.ಮೀ. ಇಡಿಯಾಗಿ ಕೊಟ್ಟದ್ದರಿಂದ ಏಳು ಜನ ನಾಯಕರು ತಯಾರಾದರು, ಅವರ ಕೈಕೆಳಗೆ ಇನ್ನೆಷ್ಟೋ ಜನ.

*

ನಾನು ಹೊನ್ನಾವರದವನು. ಆ ಕೆಲಸ ನಮ್ಮೂರಿಗೆ ಬಂದಾಗ ಹೈಸ್ಕೂಲಿನಲ್ಲಿದ್ದೆ. ಶರಾವತಿಗೆ ಅಡ್ಡಲಾಗಿ ಎರಡು ಕಿ.ಮೀ.ಗೂ ಸ್ವಲ್ಪ ಉದ್ದದ ರೈಲು ಸೇತುವೆ ಎದ್ದದ್ದು ನನ್ನ ಕಣ್ಣೆದುರಿಗೆ. ಇಡೀ ಕೊಂಕಣ ರೈಲಿನಲ್ಲಿ ಅದೇ ಅತಿ ಉದ್ದದ್ದು. ಸಂಜೆ ಶಾಲೆ ಬಿಟ್ಟಮೇಲೆ ಹೊಳೆಯಂಚಿಗೆ ಹೋಗಿ ನಿಲ್ಲುತ್ತಿದ್ದೆವು. ನೀರಿನೊಳಗಿಂದ ಕಂಬಗಳು ಒಂದೊಂದಾಗಿ ಮೇಲೆ ಬರುತ್ತಿದ್ದವು. ರಾತ್ರಿ ದೀಪ ಹಾಕಿ ಕೆಲಸ ನಡೆಯುತ್ತಿತ್ತು.

ನಮ್ಮ ಕೇರಿಯಲ್ಲಿ ಒಬ್ಬ ಸೈಟ್ ಎಂಜಿನಿಯರ್ ಬಾಡಿಗೆಗೆ ಇದ್ದ. ಇಪ್ಪತ್ತನಾಲ್ಕರ ಪ್ರಾಯ ಇರಬೇಕು. ನಮ್ಮ ಅಪ್ಪ ಶಾಲಾ ಮಾಸ್ತರು. ಒಂದು ಸಂಜೆ ಅಪ್ಪ ಅವನನ್ನು ಜಗಲಿಯಲ್ಲಿ ಕೂರಿಸಿ ಕೇಳಿದರು, “ಅಲ್ಲ ತಮ್ಮ, ಇಷ್ಟು ದೊಡ್ಡ ಸೇತುವೆ ನಿನ್ನಂಥ ಹುಡುಗನ ಕೈಗೆ ಹೇಗೆ ಕೊಟ್ಟರು?” ಅವನು ನಕ್ಕು ಹೇಳಿದ್ದು ನನಗೆ ಇನ್ನೂ ನೆನಪಿದೆ. “ಸೇತುವೆ ನಂದಲ್ಲ ಮಾಸ್ತರೇ. ನಾಲ್ಕು ಕಂಬ ನಂದು. ಆ ನಾಲ್ಕರ ಲೆಕ್ಕ ಮಾತ್ರ ನಾನೇ ಕೊಡಬೇಕು. ರಾತ್ರಿ ಏನಾದರೂ ಎಡವಟ್ಟಾದರೆ ಮೊದಲು ನಾನು ನಿರ್ಧಾರ ಮಾಡಬೇಕು, ಆಮೇಲೆ ಸಾಹೇಬರಿಗೆ ಹೇಳಬೇಕು. ಸಾಹೇಬರು ಬೈತಾರೆ, ಆದ್ರೆ ಬೇರೆಯವರ ಎದುರು ನನ್ನ ಬಿಟ್ಟುಕೊಡೋದಿಲ್ಲ.”

ನಾನು ಎಂಜಿನಿಯರಿಂಗ್ ಓದಲು ಆ ಹುಡುಗನೂ ಒಂದು ಕಾರಣ. ಆದರೆ ಅವನ ಮಾತಿನ ಅರ್ಥ ತಲೆಗೆ ಹೋಗಲು ಇನ್ನೂ ಇಪ್ಪತ್ತೈದು ವರ್ಷ ಬೇಕಾಯಿತು.

ಉಡುಪಿ ಮತ್ತು ಮಂಗಳೂರಿನ ನಡುವೆ ಮೊದಲ ರೈಲು ಓಡಿದ್ದು 1993ರ ಮಾರ್ಚ್ 20ರಂದು. ಅದಕ್ಕೆ ಎಂಟು ದಿನ ಮೊದಲು ಮುಂಬಯಿಯಲ್ಲಿ ಸರಣಿ ಸ್ಫೋಟಗಳಾಗಿದ್ದವು. ಇತ್ತ ಊರು ಸುಡುತ್ತಿದ್ದರೆ ಅತ್ತ ತುಂಡುಗಳು ಒಂದೊಂದಾಗಿ ಸೇರುತ್ತಿದ್ದವು. ಕೆಲಸವೆಲ್ಲ ಸರಾಗವಾಗಿ ಆಯಿತೆಂದಲ್ಲ. ಗೋವಾದಲ್ಲಿ ಹಳಿಯ ಹಾದಿ ಖಾಜನ್ ಗದ್ದೆಗಳನ್ನೂ ಹಳೆಯ ಊರುಗಳನ್ನೂ ಹಾಳುಮಾಡುತ್ತದೆಂದು ಜನ ಎದ್ದುನಿಂತರು. ಕೆಲಸ ತಡೆಯಿತು, ನ್ಯಾಯಮೂರ್ತಿ ಓಝಾ ಆಯೋಗ ಕೂತಿತು. ಗಟ್ಟಿ ಬಂಡೆಯ ಸುರಂಗಗಳಿಗೆ ಸ್ವೀಡನ್ನಿನಿಂದ ಯಂತ್ರ ತರಿಸಿದರು. ಆರೂವರೆ ಕಿ.ಮೀ. ಉದ್ದದ ಕರಬುಡೆ ಸುರಂಗ ಹಾಗೆ ಆಯಿತು. ಆದರೆ ಹಸಿ ಜೇಡಿಯ ಸುರಂಗಗಳಿಗೆ ಯಾವ ಯಂತ್ರವೂ ಬರಲಿಲ್ಲ. ಅಲ್ಲಿ ಕೈಯಲ್ಲೇ ಅಂಗುಲಂಗುಲ ಅಗೆಯಬೇಕಾಯಿತು. ಅಗೆದದ್ದು ಮತ್ತೆ ಕುಸಿಯುತ್ತಿತ್ತು. ಗೋವಾದ ಪೆಡ್ಣೆ ಸುರಂಗ ಒಂದೂವರೆ ಕಿ.ಮೀ. ಮಾತ್ರ. ಅದೊಂದೇ ಸುಮಾರು ಆರು ವರ್ಷ ನುಂಗಿತು. ಉಳಿದ ಹಳಿಯೆಲ್ಲ ಅದಕ್ಕಾಗಿ ಕಾಯಬೇಕಾಯಿತು. ರತ್ನಾಗಿರಿಯ ಹತ್ತಿರ ಪಾನವಲ್ ನದಿಯ ಮೇಲೆ 64 ಮೀಟರ್ ಎತ್ತರದ ಸೇತುವೆಗೆ, ಒಂದು ಬದಿಯಿಂದ ಸ್ವಲ್ಪ ಸ್ವಲ್ಪವೇ ಮುಂದಕ್ಕೆ ತಳ್ಳುತ್ತ ಹೋಗುವ ವಿಧಾನವನ್ನು ದೇಶದಲ್ಲಿ ಮೊದಲ ಸಲ ಬಳಸಿದರು. ಅದನ್ನು ಮೊದಲೇ ಮಾಡಿ ನೋಡಿದವರು ಇಲ್ಲಿರಲಿಲ್ಲ. ಮಾಡುತ್ತಲೇ ಕಲಿಯಬೇಕಿತ್ತು.

ಐದು ವರ್ಷದಲ್ಲಿ ಮುಗಿಸುತ್ತೇವೆಂದು ಹೊರಟ ಕೆಲಸ ಏಳು ವರ್ಷ ದಾಟಿತು. 1998ರ ಜನವರಿ 26ರಂದು ಇಡೀ ಹಾದಿ ತೆರೆಯಿತು. ಬಡ್ಡಿ ಸೇರಿ ಖರ್ಚು ಸುಮಾರು 3,500 ಕೋಟಿ. ನಮ್ಮ ಪ್ರಾಜೆಕ್ಟ್ ಭಾಷೆಯಲ್ಲಿ ಹೇಳುವುದಾದರೆ ಗಡುವೂ ತಪ್ಪಿತು, ಬಜೆಟ್ಟೂ ತಪ್ಪಿತು. ಆದರೂ ಸುಮಾರು ಎರಡು ಸಾವಿರ ಸೇತುವೆ, ತೊಂಬತ್ತಕ್ಕೂ ಹೆಚ್ಚು ಸುರಂಗಗಳ ಆ ಹಾದಿಯನ್ನು ಸೋತ ಪ್ರಾಜೆಕ್ಟ್ ಎಂದು ಯಾರೂ ಕರೆಯುವುದಿಲ್ಲ.

*

ಇಲ್ಲಿಗೇ ನಿಲ್ಲಿಸಿದರೆ ಇದು ಪೋಸ್ಟರಿನ ಮೇಲೆ ಹಾಕುವ ಕಥೆಯಾಗುತ್ತದೆ. ಕಟ್ಟುವಾಗ ಎಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ರತ್ನಾಗಿರಿ ಸ್ಟೇಷನ್ನಿನಲ್ಲಿ ಅವರ ನೆನಪಿಗೆ ಶ್ರಮಶಕ್ತಿ ಸ್ಮಾರಕವಿದೆ. ರೈಲು ರಾತ್ರಿ ಅಲ್ಲಿ ನಿಲ್ಲುತ್ತದೆ. ವಡಾಪಾವ್ ಕೊಳ್ಳಲು ಇಳಿಯುವ ನಾವು ಅದನ್ನು ನೋಡಿರುವುದು ಕಡಿಮೆ.

2003ರ ಜೂನ್ 22ರ ರಾತ್ರಿ ವೈಭವವಾಡಿಯ ಹತ್ತಿರ, ಕಾರವಾರದಿಂದ ಮುಂಬಯಿಗೆ ಬರುತ್ತಿದ್ದ ವಿಶೇಷ ರೈಲು ಗುಡ್ಡ ಕುಸಿದ ಜಾಗದಲ್ಲಿ ಹಳಿ ತಪ್ಪಿತು. ಐವತ್ತಕ್ಕೂ ಹೆಚ್ಚು ಜನ ಸತ್ತರು. ರಜೆ ಮುಗಿಸಿ ಬರುತ್ತಿದ್ದ ನಮ್ಮವರೇ ಬಹಳ ಜನ ಅದರಲ್ಲಿದ್ದರು. ಸರಿಯಾಗಿ ಒಂದು ವರ್ಷವೂ ಆಗಿರಲಿಲ್ಲ, 2004ರ ಜೂನ್ 16ರಂದು ನಮ್ಮ ಮತ್ಸ್ಯಗಂಧವೇ ಮಹಾಡ್ ಕಡೆ ಹಳಿಯ ಮೇಲೆ ಬಿದ್ದ ಬಂಡೆಗೆ ಬಡಿದು ಸೇತುವೆಯಿಂದ ಕೆಳಗುರುಳಿತು. ಬೇಗ ಕಟ್ಟಿದ ಹಾದಿಯಲ್ಲಿ ಗುಡ್ಡ ಕಡಿದ ಬದಿಗಳು ತೀರ ಕಡಿದಾಗಿದ್ದವು ಎಂಬ ಟೀಕೆ ಬಂತು. ಅದನ್ನು ತಳ್ಳಿಹಾಕುವಂತಿರಲಿಲ್ಲ. ಆಮೇಲೆ ಬದಿಗಳ ಇಳಿಜಾರನ್ನು ಕಡಿಮೆ ಮಾಡಿದರು, ಬಲೆ ಕಟ್ಟಿದರು, ಮಳೆಗಾಲಕ್ಕೆ ವೇಗ ಇಳಿಸಿ ಬೇರೆಯೇ ವೇಳಾಪಟ್ಟಿ ತಂದರು. ಅಪಾಯದ ಜಾಗಗಳಲ್ಲಿ ಹಗಲು ರಾತ್ರಿ ಕಾವಲಿನವರನ್ನು ನಡೆಸಿದರು. ಜೂನ್ ಬಂದಕೂಡಲೇ ಊರಿಗೆ ತಲುಪುವುದು ಎರಡು ಮೂರು ಗಂಟೆ ತಡವಾಗುತ್ತದೆಂದು ನಾವು ಗೊಣಗುತ್ತೇವೆ. ಆ ಗಂಟೆಗಳು ಯಾರ ಜೀವದಿಂದ ಕಲಿತ ಪಾಠ ಎಂದು ಗೊತ್ತಿದ್ದರೆ ಗೊಣಗಲು ಮನಸ್ಸಾಗದು.

ಕೆಲಸದಲ್ಲಿ ಕಲಿಯುವುದರ ಕಷ್ಟ ಇದೇ. ತರಗತಿಯಲ್ಲಿ ತಪ್ಪಿದರೆ ಅಂಕ ಹೋಗುತ್ತದೆ, ಇಲ್ಲಿ ತಪ್ಪಿದರೆ ಬೇರೆ ಏನೋ ಹೋಗುತ್ತದೆ. ಹಾಗಾಗಿ ಕೆಲಸ ಕೊಟ್ಟು ಸುಮ್ಮನೆ ಬಿಟ್ಟುಬಿಡುವುದು ಕಲಿಸುವುದಲ್ಲ. ಕೊಟ್ಟವನು ಹಿಂದೆ ನಿಲ್ಲಬೇಕು, ಲೆಕ್ಕ ಕೇಳಬೇಕು, ತಪ್ಪನ್ನು ಮುಚ್ಚದೆ ಎಲ್ಲರ ಮುಂದೆ ಇಟ್ಟು ನಿಯಮ ಬದಲಿಸಬೇಕು.

ಹಾಗೆ ಕಲಿತವರು ಎಲ್ಲಿಗೆ ಹೋದರೆಂಬುದೂ ಈ ಇತಿಹಾಸದ ಭಾಗ. ಶ್ರೀಧರನ್ ದೆಹಲಿ ಮೆಟ್ರೋಗೆ ಹೋದರು. ಕೊಂಕಣದಲ್ಲಿ ಪಳಗಿದ ಕೆಲವರು ಅವರ ಜೊತೆಗಿದ್ದರು. 2002ರ ಡಿಸೆಂಬರಿನಲ್ಲಿ ಅಲ್ಲಿ ಮೊದಲ ರೈಲು ಓಡಿತು. ಬೇಲಾಪುರದ ಕಾರ್ಪೊರೇಷನ್ನಿಗೆ ಕಾಶ್ಮೀರದ ರೈಲು ಹಾದಿಯ ಕಷ್ಟದ ಭಾಗವೊಂದು ಬಂತು. ನದಿಯಿಂದ 359 ಮೀಟರ್ ಎತ್ತರದ ಚೆನಾಬ್ ಸೇತುವೆ ಆ ಭಾಗದ್ದೇ. ಅದು 2025ರ ಜೂನ್ 6ರಂದು ತೆರೆಯಿತು. ಟಿ.ವಿ.ಯಲ್ಲಿ ಅದನ್ನು ನೋಡುವಾಗ ನನಗೆ ನೆನಪಾದದ್ದು ನಮ್ಮ ಜಗಲಿಯಲ್ಲಿ ಕೂತಿದ್ದ ನಾಲ್ಕು ಕಂಬದ ಹುಡುಗ. ಅವನು ಆಮೇಲೆ ಎಲ್ಲಿ ಹೋದನೋ ತಿಳಿಯದು.

*

ಈಗ ನನ್ನ ಲೆಕ್ಕ.

2020ರ ಲಾಕ್‌ಡೌನಿನಲ್ಲಿ, ಆಗ ನಾನಿದ್ದ ಕಂಪನಿಯಲ್ಲಿ, ಒಂದು ದೊಡ್ಡ ಡೇಟಾ ಸ್ಥಳಾಂತರದ ಕೆಲಸ ನನ್ನ ಮೇಲಿತ್ತು. ಎಲ್ಲರೂ ಮನೆಯಿಂದ ಕೆಲಸ. ನನಗೆ ಭಯವಿತ್ತು. ಭಯವಿದ್ದದ್ದರಿಂದ ಎಲ್ಲ ನಿರ್ಧಾರಗಳನ್ನೂ ನಾನೇ ಹಿಡಿದುಕೊಂಡೆ. ಟೀಮಿನವರು ಕಾಲ್‌ನಲ್ಲಿ ಇರುತ್ತಿದ್ದರು, ಕೇಳುತ್ತಿದ್ದರು, ನಾನು ಹೇಳಿದ್ದನ್ನು ಮಾಡುತ್ತಿದ್ದರು. ಮೇಲಿನವರು ನನ್ನನ್ನು ಹೊಗಳಿದರು.

ಕೊನೆಯ ಸ್ಥಳಾಂತರದ ರಾತ್ರಿಗೆ ಎರಡು ದಿನ ಮುಂಚೆ ನನಗೆ ಕೋವಿಡ್ ಆಗಿ ಆಸ್ಪತ್ರೆ ಸೇರಿದೆ. ಆ ರಾತ್ರಿ ಎರಡು ಗಂಟೆಗೆ ಲೆಕ್ಕ ತಾಳೆಯಾಗಲಿಲ್ಲ. ಟೀಮಿನಲ್ಲಿದ್ದ ಧಾರವಾಡದ ಹುಡುಗಿ, ಮೂರು ವರ್ಷದ ಅನುಭವದವಳು, ನನಗೆ ಹನ್ನೊಂದು ಸಲ ಫೋನ್ ಮಾಡಿದ್ದಳು. ನನ್ನ ಫೋನ್ ನರ್ಸಿನ ಮೇಜಿನ ಮೇಲಿತ್ತು. ನಿಲ್ಲಿಸುವುದೋ ಮುಂದುವರಿಸುವುದೋ ಎಂದು ಹೇಳುವವರಿಲ್ಲದೆ ಬೆಳಗಿನ ತನಕ ಕಾದರು. ತಪ್ಪು ಡೇಟಾ ಅಷ್ಟರಲ್ಲಿ ಗಿರಾಕಿಗಳ ಕಡೆಗೆ ಹೋಗಿಬಿಟ್ಟಿತ್ತು. ಸರಿಪಡಿಸಲು ಮೂರು ವಾರ ಹಿಡಿಯಿತು. ಆ ಕಾಂಟ್ರಾಕ್ಟ್ ಮುಂದುವರಿಯಲಿಲ್ಲ. ಕೆಲವರ ಕೆಲಸ ಹೋಯಿತು, ಅವರಲ್ಲಿ ಅವಳೂ ಒಬ್ಬಳು. ನನ್ನದು ಹೋಗಲಿಲ್ಲ.

ಆಮೇಲೆ ಒಂದು ದಿನ ಅವಳೇ ಫೋನ್ ಮಾಡಿದಳು. “ಆ ರಾತ್ರಿ ನಿಲ್ಲಸಬೇಕಂತ ನನಗ ಗೊತ್ತಿತ್ತು ಸರ್. ಆದ್ರ ನಿಲ್ಲಸು ಅನ್ನೋ ಅಧಿಕಾರ ನನಗ ಐತಿ ಅಂತ ಗೊತ್ತಿರ್ಲಿಲ್ಲ” ಅಂದಳು. ಸಿಟ್ಟಿನಿಂದ ಹೇಳಲಿಲ್ಲ. ಅದೇ ಹೆಚ್ಚು ನೋವಾಯಿತು. ಈಗ ಬೇರೆ ಕಡೆ ಚೆನ್ನಾಗಿದ್ದಾಳೆ.

ನಾಲ್ಕು ಕಂಬದ ಹುಡುಗನ ಮಾತು ನನಗೆ ಅರ್ಥವಾದದ್ದು ಆ ಫೋನಿನ ನಂತರ. ಅವಳಿಗೆ ಜ್ಞಾನದ ಕೊರತೆ ಇರಲಿಲ್ಲ. ಯಾವ ಕೋರ್ಸಿಗೆ ಕಳಿಸಿದ್ದರೂ ಆ ರಾತ್ರಿ ಬದಲಾಗುತ್ತಿರಲಿಲ್ಲ. ಅವಳ ಪಾಲಿಗೆಂದು ನಾನು ಒಂದು ಕಂಬವನ್ನೂ ಬಿಟ್ಟಿರಲಿಲ್ಲ.

ಇಂದು ನಮ್ಮ ಕಸುಬಿನಲ್ಲಿ ನನಗೆ ಕಾಡುವ ಚಿಂತೆಯೂ ಇದೇ. ಸಣ್ಣಪುಟ್ಟ ಕೆಲಸಗಳನ್ನು ಯಂತ್ರ ಮಾಡುತ್ತದೆಂದು ಹೊಸಬರನ್ನು ತೆಗೆದುಕೊಳ್ಳುವುದನ್ನೇ ಕಡಿಮೆ ಮಾಡುತ್ತಿದ್ದಾರೆ. ಕಪ್ಪು ತೊಳೆಯುವ ಹುಡುಗನೇ ಬೇಡವೆಂದರೆ ನಾಳೆ ಗಲ್ಲೆಯ ಮೇಲೆ ಕೂರುವವನು ಎಲ್ಲಿಂದ ಬರುತ್ತಾನೆ? ಇದು ಕಂಪನಿಗಳ ಮೇಲಿನವರಿಗೆ ಕೇಳಬೇಕಾದ ಪ್ರಶ್ನೆ, ಕೇಳುತ್ತಲೂ ಇದ್ದೇನೆ. ಆದರೆ ನನ್ನ ಕೈಯಲ್ಲಿರುವುದು ನನ್ನ ಟೀಮಿನ ಹನ್ನೆರಡು ಜನ.

ಭಟ್ಕಳದ ಹುಡುಗನಿಗೆ ಕೋರ್ಸ್ ಬೇಡ ಅನ್ನಲಿಲ್ಲ. ಪುಸ್ತಕದಲ್ಲಿ, ತರಗತಿಯಲ್ಲಿ ಕಲಿಯುವಂಥದ್ದೂ ಇದೆ. ಶ್ರೀಧರನ್ ಕಾಲೇಜಿಗೆ ಹೋಗಿಯೇ ಪೋರ್ಟ್ ಟ್ರಸ್ಟಿಗೆ ಬಂದವರು, ದೊಡ್ಡಪ್ಪನೂ ಹಗಲಿನ ಕೆಲಸ ಮುಗಿಸಿ ರಾತ್ರಿಶಾಲೆಗೆ ಹೋದವರೇ. ಸಾಲ ಮಾಡುವ ಮುಂಚೆ ಆರು ತಿಂಗಳು ತಡೆ ಅಂದೆ. ಆ ಆರು ತಿಂಗಳು ನಮ್ಮ ಬಿಲ್ಲಿಂಗ್ ಭಾಗದ ಬಿಡುಗಡೆಗಳೆಲ್ಲ ಅವನದ್ದು. ಯಾವಾಗ ಮಾಡುವುದು, ಯಾರನ್ನು ಕೂರಿಸಿಕೊಳ್ಳುವುದು, ಎಡವಟ್ಟಾದರೆ ವಾಪಸ್ ತೆಗೆಯುವುದೋ ಬಿಡುವುದೋ, ಎಲ್ಲ ಅವನೇ ಹೇಳಬೇಕು. “ನಿಲ್ಲಿಸು ಅನ್ನುವ ಅಧಿಕಾರ ಇವನಿಗಿದೆ” ಎಂದು ಎಲ್ಲರಿಗೂ ಕಾಣುವ ಹಾಗೆ ಮೇಲ್ ಹಾಕಿದ್ದೇನೆ. ತಪ್ಪಾದರೆ ಮೇಲಿನವರಿಗೆ ಉತ್ತರ ಕೊಡುವವನು ನಾನು. ಮರುದಿನ ಅವನಿಂದ ಲೆಕ್ಕ ಕೇಳುವವನೂ ನಾನೇ.

ಮೊದಲ ಬಿಡುಗಡೆ ಬರುವ ಶನಿವಾರ ರಾತ್ರಿ. ಅವನು ಐರೋಲಿಯಲ್ಲಿರುತ್ತಾನೆ, ನಾನು ಡೊಂಬಿವಲಿಯ ಮನೆಯಲ್ಲಿ. ಫೋನ್ ತಲೆದಿಂಬಿನ ಪಕ್ಕದಲ್ಲಿಟ್ಟುಕೊಂಡಿರುತ್ತೇನೆ. ಅವನು ಮಾಡುವ ತನಕ ನಾನಾಗಿ ಮಾಡುವುದಿಲ್ಲ. ಅದು ನಾನು ಕಲಿಯಬೇಕಾದ ಪಾಠ. ನಿದ್ದೆಯಂತೂ ಬರಲಿಕ್ಕಿಲ್ಲ.